ಮಂತ್ರಿಯ ಮಾತು, ಮನೆಯ ದೇವರು

ವಿಧಾನಸೌಧದ ಹಣೆಯ ಮೇಲೆ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಒಮ್ಮೆಯಾದರೂ ಓದದ ಕನ್ನಡಿಗ ಸಿಗುವುದು ಕಷ್ಟ. 1951ರ ಜುಲೈ 13ರಂದು ಆ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ದೇವರ ವಿಷಯದಲ್ಲಿ ಸಂದೇಹವಾದಿಯಾಗಿದ್ದ ಪ್ರಧಾನಿ ಜವಾಹರಲಾಲ್ ನೆಹರೂ. 1956ರಲ್ಲಿ ಮುಗಿದ ಅದಕ್ಕೆ ಇಂದಿನ ಭವ್ಯ ರೂಪ ಕೊಟ್ಟವರು, ಕೆಂಗಲ್ ಆಂಜನೇಯನ ನೆಲೆಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ್ದ ಮುಖ್ಯಮಂತ್ರಿ ಹನುಮಂತಯ್ಯನವರು. ಒಂದೇ ಕಟ್ಟಡ, ಒಂದೇ ಪಕ್ಷ, ಇಬ್ಬರ ನಂಬಿಕೆ ಬೇರೆ ಬೇರೆ. ಹಾಗಿದ್ದೂ ಕೆಲಸ ನಿಲ್ಲಲಿಲ್ಲ.

ಆದರೆ ಎಲ್ಲ ಸಲವೂ ಸಂಗತಿ ಇಷ್ಟು ಸಲೀಸಾಗಿ ನಡೆದಿಲ್ಲ. ಜನರಿಂದ ಆರಿಸಿ ಬಂದವರೊಬ್ಬರು ದೇವರು, ಧರ್ಮ, ನಂಬಿಕೆ, ಮೂಢನಂಬಿಕೆಗಳ ಬಗ್ಗೆ ತಮ್ಮ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದಾಗ ಕರ್ನಾಟಕದಲ್ಲಿ ಏನೇನಾಗಿದೆ? ಒಬ್ಬರು ಮಂತ್ರಿ ಪದವಿ ಕಳೆದುಕೊಂಡರು, ಒಬ್ಬರು ಲೋಕಸಭೆಯಲ್ಲಿ ಕ್ಷಮೆ ಕೇಳಿದರು, ಇನ್ನೊಬ್ಬರು ಹೇಳಿಕೆ ವಾಪಸು ಪಡೆದರು. ಮಂತ್ರಿಯಾದವನಿಗೆ ಖಾಸಗಿ ಅಭಿಪ್ರಾಯ ಎಂಬುದೊಂದು ಇರಲು ಸಾಧ್ಯವೇ? ಇದ್ದರೆ ಅದನ್ನು ಆಡುವ ಸ್ವಾತಂತ್ರ್ಯ ಅವನಿಗೆ ಎಷ್ಟಿದೆ? ಈ ಪ್ರಶ್ನೆಗೆ ನಮ್ಮಲ್ಲಿ ಅರ್ಧ ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ.

ಪ್ರಮಾಣದ ಎರಡು ದಾರಿ

ಮೊದಲು ಸಂವಿಧಾನದಿಂದಲೇ ಆರಂಭಿಸೋಣ. ಶಾಸಕನಾಗಲಿ, ಮಂತ್ರಿಯಾಗಲಿ ಅಧಿಕಾರ ವಹಿಸಿಕೊಳ್ಳುವ ಮುನ್ನ ಮೂರನೆಯ ಅನುಸೂಚಿಯಲ್ಲಿರುವ ಪ್ರಮಾಣವಚನವನ್ನು ಓದಬೇಕು. ಅಲ್ಲಿ ಎರಡು ದಾರಿಗಳಿವೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ಬೇಡವಾದರೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಯಾವ ದಾರಿ ಹಿಡಿದರೂ ಅಧಿಕಾರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಾಸ್ತಿಕನಿಗೂ ಆಸ್ತಿಕನಿಗೂ ಒಂದೇ ಕುರ್ಚಿ.

ಈ ಎರಡನೆಯ ದಾರಿ ಸುಲಭವಾಗಿ ಸಿಕ್ಕಿದ್ದಲ್ಲ. ಇಂಗ್ಲೆಂಡಿನಲ್ಲಿ 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಗೆದ್ದ ಚಾರ್ಲ್ಸ್ ಬ್ರಾಡ್ಲಾ ಎಂಬ ಬಹಿರಂಗ ನಾಸ್ತಿಕ, ದೇವರ ಹೆಸರಿನ ಪ್ರಮಾಣಕ್ಕೆ ಬದಲು ಪ್ರತಿಜ್ಞೆ ಮಾಡುತ್ತೇನೆ ಎಂದ. ಸಂಸತ್ತು ಒಪ್ಪಲಿಲ್ಲ. ಹಾಗಾದರೆ ನಿಮ್ಮ ಪ್ರಮಾಣವನ್ನೇ ಓದುತ್ತೇನೆ ಎಂದರೆ, ನಂಬಿಕೆಯಿಲ್ಲದವನ ಪ್ರಮಾಣಕ್ಕೆ ಬೆಲೆಯಿಲ್ಲ ಎಂದು ಅದನ್ನೂ ನಿರಾಕರಿಸಿತು. ಆತನನ್ನು ಸದನದ ಗಡಿಯಾರ ಗೋಪುರದಲ್ಲಿ ಬಂಧಿಸಿಟ್ಟದ್ದೂ ಉಂಟು. ಕ್ಷೇತ್ರದ ಮತದಾರರು ಮಾತ್ರ ಛಲ ಬಿಡದೆ ಅವನನ್ನೇ ಮತ್ತೆ ಮತ್ತೆ ಗೆಲ್ಲಿಸಿದರು. ಕೊನೆಗೆ 1886ರಲ್ಲಿ ಬ್ರಾಡ್ಲಾ ಸದನದಲ್ಲಿ ಕುಳಿತ; 1888ರಲ್ಲಿ ಪ್ರತಿಜ್ಞೆಗೆ ಅವಕಾಶ ಕೊಡುವ ಕಾಯ್ದೆಯೂ ಆಯಿತು. ಈತ 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ ಭಾರತಮಿತ್ರ. 1891ರಲ್ಲಿ ಆತ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯೂ ಒಬ್ಬರು.

ನಮ್ಮ ಸಂವಿಧಾನ ಸಭೆಯಲ್ಲೂ ದೇವರ ಪ್ರಶ್ನೆ ಎದ್ದಿತ್ತು. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯ ಚರ್ಚೆಯಲ್ಲಿ ಎಚ್.ವಿ. ಕಾಮತ್ ಒಂದು ತಿದ್ದುಪಡಿ ತಂದರು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಹುದ್ದೆ ಬಿಟ್ಟು ರಾಷ್ಟ್ರೀಯ ಚಳವಳಿಗೆ ಧುಮುಕಿದ ಕಾಮತ್, ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದೇ ಆರಂಭವಾಗಬೇಕು ಎಂದರು. ಪೂರ್ಣಿಮಾ ಬ್ಯಾನರ್ಜಿ ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ಸಭೆಯನ್ನು ದೂಡಬೇಡಿ ಎಂದು ಬೇಡಿಕೊಂಡರು. ಪಟ್ಟಂ ತಾಣು ಪಿಳ್ಳೈ ತಾವು ಆಸ್ತಿಕರಾದರೂ ಇದು ನಂಬಿಕೆಯ ವಿಷಯದಲ್ಲಿ ಬಲವಂತವಾದೀತು ಎಂದರು. ಹೃದಯನಾಥ ಕುಂಜ್ರು ವಿರೋಧಿಸಿದರು. ಕಾಮತ್ ಪಟ್ಟು ಬಿಡಲಿಲ್ಲ. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68. ಇಲ್ಲಿ ಗಮನಿಸಬೇಕಾದದ್ದು, ವಿರೋಧಿಸಿದವರಲ್ಲಿ ದೈವಭಕ್ತರೂ ಇದ್ದರು ಎಂಬುದು. ದೇವರನ್ನು ಒಪ್ಪುವುದು ಬೇರೆ, ದೇಶದ ಪರವಾಗಿ ಎಲ್ಲರ ಬಾಯಲ್ಲೂ ದೇವರನ್ನು ಹೇಳಿಸುವುದು ಬೇರೆ ಎಂಬುದು ಅವರ ನಿಲುವಾಗಿತ್ತು.

ಸಂವಿಧಾನ ಎರಡೇ ದಾರಿ ಕೊಟ್ಟರೂ ನಮ್ಮ ಜನಪ್ರತಿನಿಧಿಗಳು ಮೂರನೆಯದನ್ನು ತಾವೇ ಮಾಡಿಕೊಂಡಿದ್ದಾರೆ. 2021ರಲ್ಲಿ ಬಸವರಾಜ ಬೊಮ್ಮಾಯಿ ಸಂಪುಟ ರಚನೆಯಾದಾಗ ಆನಂದ್ ಸಿಂಗ್ ವಿರೂಪಾಕ್ಷನನ್ನೂ ಭುವನೇಶ್ವರಿಯನ್ನೂ ನೆನೆದರು. ಪ್ರಭು ಚವ್ಹಾಣ್ ಗೋಮಾತೆಯ ಹೆಸರು ಹೇಳಿದರು. 2023ರ ಮೇ 20ರಂದು ಡಿ.ಕೆ. ಶಿವಕುಮಾರ್ ತಮ್ಮ ಆರಾಧ್ಯ ಗಂಗಾಧರ ಅಜ್ಜನ ಹೆಸರಿನಲ್ಲಿ, ಸತೀಶ ಜಾರಕಿಹೊಳಿ ಬುದ್ಧ, ಬಸವ, ಅಂಬೇಡ್ಕರರ ಹೆಸರಿನಲ್ಲಿ ಪ್ರಮಾಣ ಮಾಡಿದರು. ಇದು ಸರಿಯೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಕೇರಳದ ಕೊಡುಂಗಲ್ಲೂರಿನ ಶಾಸಕರೊಬ್ಬರು ನಾರಾಯಣ ಗುರುಗಳ ಹೆಸರಿನಲ್ಲಿ ಮಾಡಿದ್ದ ಪ್ರಮಾಣ ಸಂವಿಧಾನಬದ್ಧವಲ್ಲ ಎಂದು ಅಲ್ಲಿನ ಹೈಕೋರ್ಟು 2003ರಲ್ಲಿ ಹೇಳಿತ್ತು. ನಮ್ಮ ಹೈಕೋರ್ಟು ಮಾತ್ರ ಉದಾರವಾಗಿ ನಡೆದುಕೊಂಡಿತು. ಬುದ್ಧ, ಬಸವಣ್ಣ, ಅಂಬೇಡ್ಕರರಂಥವರನ್ನು ಜನ ದೈವಾಂಶಸಂಭೂತರೆಂದು ಭಾವಿಸುವುದುಂಟು ಎಂಬ ಧಾಟಿಯಲ್ಲಿ ವಿವರಿಸಿ ಅರ್ಜಿಯನ್ನು ವಜಾ ಮಾಡಿತು. ಅಂತೂ ನಂಬಿಕೆಯನ್ನು ಪದವಿಯ ಮೊದಲ ವಾಕ್ಯದಲ್ಲೇ ಸಾರಿ ಹೇಳಲು ನಮ್ಮಲ್ಲಿ ಅಡ್ಡಿಯಿಲ್ಲ. ಅಡ್ಡಿ ಬರುವುದು ನಂಬಿಕೆಯನ್ನು ಪ್ರಶ್ನಿಸಿದಾಗ.

ಬೂಸಾ: ಒಂದು ಪದದ ಬೆಲೆ

ಅದಕ್ಕೆ ಬಿ. ಬಸವಲಿಂಗಪ್ಪನವರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬೆಂಗಳೂರಿನ ಉತ್ತರ ಅಂಚಿನ ಯಲಹಂಕ ಕ್ಷೇತ್ರದೊಂದಿಗೆ ಬಹುಕಾಲ ಹೆಸರು ಬೆಸೆದುಕೊಂಡಿದ್ದ, ವೃತ್ತಿಯಿಂದ ವಕೀಲರಾಗಿದ್ದ, ಅಂಬೇಡ್ಕರ್ ವಿಚಾರಗಳಲ್ಲಿ ಬೇರೂರಿದ್ದ ಬಸವಲಿಂಗಪ್ಪ ಎಪ್ಪತ್ತರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು ಅವರೇ. ಮನುಷ್ಯ ಮನುಷ್ಯನ ಹೊಲಸನ್ನು ಹೊರುವುದು ಕರ್ಮಫಲ ಎಂದು ನಂಬಿಕೊಂಡಿದ್ದ ಸಮಾಜಕ್ಕೆ ಅದು ಬರಿಯ ಪೌರಾಡಳಿತದ ಆದೇಶವಾಗಿರಲಿಲ್ಲ. ಧರ್ಮದ ವಿಷಯಕ್ಕೇ ಕೈ ಹಾಕಿದಂತಾಗಿತ್ತು.

ಬಸವಲಿಂಗಪ್ಪನವರು ಮಾತಿನಲ್ಲೂ ಹಿಂದೆ ಮುಂದೆ ನೋಡಿದವರಲ್ಲ. ನಿಮ್ಮನ್ನು ಕೀಳಾಗಿ ಕಂಡ ದೇವರುಗಳ ಪಟಗಳನ್ನು ಚರಂಡಿಗೆ ಎಸೆಯಿರಿ ಎಂಬರ್ಥದಲ್ಲಿ ದಲಿತರಿಗೆ ಅವರು ಕರೆ ಕೊಟ್ಟರು. ರಾಜ್ಯದಾದ್ಯಂತ ಗದ್ದಲವೆದ್ದಿತು. ಗುಡಿಯ ಬಾಗಿಲಲ್ಲೇ ನಿಲ್ಲಿಸಲ್ಪಟ್ಟವನು ಗುಡಿಯ ಒಳಗಿನ ದೇವರ ಬಗ್ಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಗರ್ಭಗುಡಿಯ ಹತ್ತಿರ ನಿಂತವರು ನಿರ್ಧರಿಸುವ ವಿಚಿತ್ರ ಸನ್ನಿವೇಶ ಅದು. ಇತ್ತ, ಮಂತ್ರಿಯೊಬ್ಬ ಕೋಟ್ಯಂತರ ಜನ ಕೈಮುಗಿಯುವ ಪಟಗಳ ಬಗ್ಗೆ ಹೀಗೆ ಆಡಬಹುದೇ ಎಂದು ನೊಂದುಕೊಂಡವರೆಲ್ಲ ಜಾತಿವಾದಿಗಳೇ ಆಗಿದ್ದರು ಎಂದೂ ಹೇಳಲಾಗದು.

ಮುಂದಿನ ಕಿಡಿ ಹತ್ತಿದ್ದು 1973ರ ನವೆಂಬರಿನಲ್ಲಿ, ಮೈಸೂರಿನ ಸಭೆಯೊಂದರಲ್ಲಿ. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ, ದಲಿತರು ಇಂಗ್ಲಿಷ್ ಕಲಿಯಬೇಕು ಎಂಬ ಅರ್ಥದ ಮಾತನ್ನು ಬಸವಲಿಂಗಪ್ಪ ಅಂದು ಆಡಿದರು. ಬೂಸಾ ಎಂದರೆ ದನಕರುಗಳಿಗೆ ಹಾಕುವ ಹೊಟ್ಟು, ತವುಡು. ಹಳ್ಳಿಯಿಂದ ಬಂದ ಎಲ್ಲರಿಗೂ ಗೊತ್ತಿರುವ ಪದ. ಹೊಟ್ಟೆ ತುಂಬುತ್ತದೆ, ಆದರೆ ಕಾಳಿಲ್ಲ. ಮರುದಿನದಿಂದಲೇ ಕಾಲೇಜುಗಳಲ್ಲಿ ಪ್ರತಿಭಟನೆ, ಮೆರವಣಿಗೆ, ಪ್ರತಿಕೃತಿ ದಹನ. ಪರ ವಿರೋಧದ ವಿದ್ಯಾರ್ಥಿಗಳ ನಡುವೆ ಘರ್ಷಣೆಗಳಾದವು. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಕೆಲವೇ ವಾರಗಳಲ್ಲಿ ಬಸವಲಿಂಗಪ್ಪ ಮಂತ್ರಿ ಪದವಿಗೆ ರಾಜೀನಾಮೆ ಕೊಡಬೇಕಾಯಿತು.

ಸಾಹಿತ್ಯದ ಬಗ್ಗೆ ಆಡಿದ ಒಂದು ಮಾತಿಗೆ ಇಷ್ಟು ದೊಡ್ಡ ದಂಡವೇ? ಬೂಸಾ ಬರೀ ನೆಪ. ದೇವರ ಪಟದ ಮಾತಿನ ಸಿಟ್ಟು, ಮಲ ಹೊರುವ ಪದ್ಧತಿ ನಿಲ್ಲಿಸಿದ ಸಿಟ್ಟು, ದಲಿತನೊಬ್ಬ ಮೇಲಿನಿಂದ ಮಾತಾಡುತ್ತಿದ್ದಾನೆಂಬ ಸಿಟ್ಟು ಎಲ್ಲವೂ ಕೂಡಿ ಸ್ಫೋಟಗೊಂಡವು ಎಂಬುದು ಅಂದಿನ ದಲಿತ ಚಳವಳಿಯವರು ಹೇಳುತ್ತ ಬಂದಿರುವ ಮಾತು. ಅದನ್ನು ಪೂರ್ತಿ ಒಪ್ಪದಿದ್ದರೂ ಒಂದು ಸಂಗತಿಯನ್ನು ಅಲ್ಲಗಳೆಯಲಾಗದು. ಬಸವಲಿಂಗಪ್ಪನವರ ಮೇಲೆ ಯಾವ ನ್ಯಾಯಾಲಯವೂ ತೀರ್ಪು ಕೊಡಲಿಲ್ಲ. ಸದನ ಅವರನ್ನು ಅನರ್ಹಗೊಳಿಸಲಿಲ್ಲ. ಮತದಾರರು ಕೈ ಬಿಡಲಿಲ್ಲ. ಅವರು ಮುಂದೆಯೂ ಗೆದ್ದು ಬಂದರು, ಮತ್ತೆ ಮಂತ್ರಿಯಾದರು. ಅವರ ಪದವಿಯನ್ನು ಕಿತ್ತುಕೊಂಡದ್ದು ಬೀದಿ.

ಆ ಬೀದಿಯೇ ಇನ್ನೊಂದನ್ನೂ ಹುಟ್ಟಿಸಿತು. ಅಂದು ಪೆಟ್ಟು ತಿಂದ ಹುಡುಗರು ಸಂಘಟಿತರಾದರು. ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಕನ್ನಡ ಸಾಹಿತ್ಯದಲ್ಲಿ ಯಾರ ಬದುಕು ಇರಲಿಲ್ಲ ಎಂದು ಬಸವಲಿಂಗಪ್ಪ ರೇಗಿದ್ದರೋ ಆ ಬದುಕು ಅದೇ ಕನ್ನಡದಲ್ಲಿ ಕಾಳಾಗಿ ಬಂತು. ಒಂದು ಒರಟು ಮಾತನ್ನು ಬಾಯಿ ಮುಚ್ಚಿಸಿ ಗೆಲ್ಲಲಾಗದು, ಉತ್ತರ ಕೊಟ್ಟೇ ಗೆಲ್ಲಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ವೈಟ್‌ಫೀಲ್ಡ್ ದಾರಿಯ ಪ್ರಶ್ನೆ

ಬೂಸಾ ಗಲಾಟೆ ತಣ್ಣಗಾಗಿ ಮೂರು ವರ್ಷಕ್ಕೆ ಬೆಂಗಳೂರಿನ ಪೂರ್ವ ಅಂಚು ಸುದ್ದಿಗೆ ಬಂತು. ಇಂದು ಗಾಜಿನ ಕಟ್ಟಡಗಳು, ಮೆಟ್ರೊ ಕಂಬಗಳಿಂದ ತುಂಬಿರುವ ವೈಟ್‌ಫೀಲ್ಡ್ ಆಗ ತೋಟಗಳ ನಡುವಿನ ಸಣ್ಣ ಊರು. ಆಂಗ್ಲೋ ಇಂಡಿಯನ್ ಕುಟುಂಬಗಳಿಗೆಂದು 1880ರ ದಶಕದಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಎದ್ದ ಊರು ಅದು. ಅದರ ಪಕ್ಕದ ಕಾಡುಗೋಡಿಯಲ್ಲಿ ಪುಟ್ಟಪರ್ತಿಯ ಸತ್ಯ ಸಾಯಿಬಾಬಾರ ಬೃಂದಾವನ ಆಶ್ರಮವಿತ್ತು. ಮಂತ್ರಿಗಳು, ನ್ಯಾಯಾಧೀಶರು, ಹಿರಿಯ ಅಧಿಕಾರಿಗಳು ದರ್ಶನಕ್ಕೆ ಬರುವುದು ಸಾಮಾನ್ಯ ನೋಟವಾಗಿತ್ತು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಡಾ. ಎಚ್. ನರಸಿಂಹಯ್ಯ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿ ರಚಿಸಿದರು. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಬಾಲಕನೊಬ್ಬನ ಮನೆಗೆ ಹೋಗಿ ಅದರ ಹಿಂದಿನ ಕೈಚಳಕವನ್ನು ಸಮಿತಿ ಬಯಲು ಮಾಡಿತು. ಸಾಯಿಬಾಬಾರಿಗೂ ಪತ್ರ ಬರೆದು ಪರಿಶೀಲನೆಗೆ ಅವಕಾಶ ಕೋರಿತು. ಉತ್ತರ ಬರಲಿಲ್ಲ. ಅಧ್ಯಾತ್ಮ ಇಂದ್ರಿಯಗಳಿಗೆ ಸೀಮಿತವಾದ ವಿಜ್ಞಾನದ ಅಳತೆಗೋಲಿಗೆ ಸಿಕ್ಕುವಂಥದ್ದಲ್ಲ ಎಂಬುದು ಆಶ್ರಮದ ಕಡೆಯ ನಿಲುವು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯ ಎಂಬ ಮಾತು 42ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ್ದೂ ಅದೇ 1976ರಲ್ಲಿ ಎಂಬುದು ಕಾಕತಾಳೀಯ.

ನರಸಿಂಹಯ್ಯನವರು ಚುನಾವಣೆ ಗೆದ್ದು ಆ ಹುದ್ದೆಗೆ ಬಂದವರಲ್ಲ. ಆದರೂ ಈ ಪ್ರಕರಣ ನಮ್ಮ ಪ್ರಶ್ನೆಗೆ ತೀರ ಹತ್ತಿರದ್ದು. ಸಾರ್ವಜನಿಕ ಸ್ಥಾನದಲ್ಲಿದ್ದವರು ತಮ್ಮ ಅವಿಶ್ವಾಸವನ್ನು ವಿಶ್ವವಿದ್ಯಾಲಯದ ಕಾರ್ಯಕ್ರಮವನ್ನಾಗಿ ಮಾಡಬಹುದೇ ಎಂದು ಟೀಕಾಕಾರರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅದೇ ವಿಶ್ವವಿದ್ಯಾಲಯದ ಅದೇ ಕುರ್ಚಿಯಲ್ಲಿ ಹಿಂದೆ ಕುಳಿತಿದ್ದ ವಿ.ಕೃ. ಗೋಕಾಕರು ಸಾಯಿಬಾಬಾರ ಭಕ್ತರೆಂದು ಎಲ್ಲರಿಗೂ ಗೊತ್ತಿತ್ತು; 1981ರಲ್ಲಿ ಬಾಬಾರ ಶಿಕ್ಷಣ ಸಂಸ್ಥೆ ವಿಶ್ವವಿದ್ಯಾಲಯದ ಮಟ್ಟಕ್ಕೇರಿದಾಗ ಅದರ ಮೊದಲ ಉಪಕುಲಪತಿಯಾದವರು ಅವರೇ. ಗೋಕಾಕರ ಭಕ್ತಿ ಅವರ ಖಾಸಗಿ ವಿಷಯವಾದರೆ ನರಸಿಂಹಯ್ಯನವರ ಅನುಮಾನವೂ ಖಾಸಗಿಯೇ. ನರಸಿಂಹಯ್ಯನವರದು ಸಾರ್ವಜನಿಕ ಲೆಕ್ಕಕ್ಕೆ ಬರುವುದಾದರೆ ಮಂತ್ರಿಗಳ ದರ್ಶನಯಾತ್ರೆಯೂ ಲೆಕ್ಕಕ್ಕೆ ಬರಬೇಕು. ತಕ್ಕಡಿ ಒಂದೇ ಆಗಿರಬೇಕು, ಅಷ್ಟೆ.

ಇದೇ ವೈಟ್‌ಫೀಲ್ಡಿನಲ್ಲಿ 2001ರ ಜನವರಿಯಲ್ಲಿ ಸಾಯಿ ಟ್ರಸ್ಟಿನ ಆಸ್ಪತ್ರೆಯನ್ನು ಪ್ರಧಾನಿ ವಾಜಪೇಯಿ ಉದ್ಘಾಟಿಸಿದರು. ಅಲ್ಲಿ ಹೃದಯ, ಮಿದುಳಿನ ದುಬಾರಿ ಚಿಕಿತ್ಸೆ ಉಚಿತ. ಪವಾಡವನ್ನು ನಂಬದವನೂ ಆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬಹುದು. ನಂಬಿಕೆಯಿಂದ ಹುಟ್ಟಿದ ಕೆಲಸಕ್ಕೆ ಪ್ರಧಾನಿ ಗೌರವ ಕೊಟ್ಟರೆ ತಪ್ಪೇನು ಎಂದು ಕೇಳುವವರಿದ್ದಾರೆ. ಗೆರೆ ಎಳೆಯುವುದು ನಾವು ತಿಳಿದಷ್ಟು ಸುಲಭವಲ್ಲ.

ಇಂಥ ಜಿಜ್ಞಾಸೆ ಗಣರಾಜ್ಯದ ಎಳವೆಯಲ್ಲೇ ಎದುರಾಗಿತ್ತು. 1951ರ ಮೇ 11ರಂದು ಪುನರ್ನಿರ್ಮಿತ ಸೋಮನಾಥ ದೇವಾಲಯದ ಸಮಾರಂಭಕ್ಕೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಹೋದರು. ರಾಷ್ಟ್ರಪತಿಯ ಸ್ಥಾನದಲ್ಲಿದ್ದವರು ಹೋಗುವುದು ಸಲ್ಲದು ಎಂಬುದು ನೆಹರೂ ವಾದ. ಇಬ್ಬರೂ ತಮ್ಮ ನಿಲುವನ್ನು ಬಿಡಲಿಲ್ಲ. ಇಬ್ಬರೂ ಅಧಿಕಾರದಲ್ಲಿ ಮುಂದುವರಿದರು. ಭಿನ್ನಾಭಿಪ್ರಾಯವನ್ನು ಪತ್ರದಲ್ಲಿ ಬರೆದು ಮುಗಿಸಿದ ಕಾಲ ಅದು.

ಮಂಜುನಾಥನ ಸಾಕ್ಷಿ, ಚಾಮರಾಜನಗರದ ಶಾಪ

ನಂಬಿಕೆ ಖಾಸಗಿಯಾಗಿ ಉಳಿಯದೆ ಆಡಳಿತದೊಳಕ್ಕೆ ಕಾಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಎರಡು ಕುತೂಹಲದ ಉದಾಹರಣೆಗಳಿವೆ.

2011ರ ಜೂನಿನಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಎಚ್.ಡಿ. ಕುಮಾರಸ್ವಾಮಿಯವರಿಗೆ ಸವಾಲೆಸೆದರು. ನನ್ನ ಮೇಲಿನ ಆರೋಪ ನಿಜವಾದರೆ ಧರ್ಮಸ್ಥಳದ ಮಂಜುನಾಥನ ಎದುರು ಆಣೆ ಮಾಡಿ ಎಂಬುದು ಅದರ ಸಾರ. ಜೂನ್ 27ರಂದು ಇಬ್ಬರೂ ಧರ್ಮಸ್ಥಳಕ್ಕೆ ಬಂದರು. ನಾಡೆಲ್ಲ ಟೀವಿ ಮುಂದೆ ಕುಳಿತಿತ್ತು. ದರ್ಶನವಾಯಿತು, ಆಣೆ ಆಗಲಿಲ್ಲ. ಒಂದು ತಿಂಗಳಿಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂತು; ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ವರದಿಯ ಜಾಡಿನಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಆರೋಪ ಮಾಡಿದ್ದೂ ಖುಲಾಸೆ ಮಾಡಿದ್ದೂ ಕಾಗದಪತ್ರ, ಸಾಕ್ಷಿ, ವಿಚಾರಣೆಗಳ ಹಾದಿಯಲ್ಲೇ. ದೇವರ ಮೇಲೆ ಭಕ್ತಿಯಿರುವುದು ಒಂದು. ಲೆಕ್ಕಪತ್ರದ ಬದಲಿಗೆ ದೇವರನ್ನು ಸಾಕ್ಷಿಗೆ ಕರೆಯುವುದು ಮತ್ತೊಂದು.

ಎರಡನೆಯದು ಚಾಮರಾಜನಗರದ್ದು. ಆ ಊರಿಗೆ ಭೇಟಿ ಕೊಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ನಂಬಿಕೆ ರಾಜಕಾರಣಿಗಳಲ್ಲಿ ಬಲವಾಗಿತ್ತು. 1997ರಲ್ಲಿ ಜಿಲ್ಲಾಕೇಂದ್ರವಾದ ಮೇಲೂ ಮುಖ್ಯಮಂತ್ರಿಗಳು ಅದನ್ನು ದೂರವಿಟ್ಟದ್ದೇ ಹೆಚ್ಚು. ಯಾರೂ ಭಾಷಣ ಮಾಡಲಿಲ್ಲ, ಯಾರ ಭಾವನೆಗೂ ಧಕ್ಕೆಯಾಗಲಿಲ್ಲ. ಆದರೆ ಹಿಂದುಳಿದ ಜಿಲ್ಲೆಯೊಂದರ ಜನ ತಮ್ಮ ಮುಖ್ಯಮಂತ್ರಿಯನ್ನು ತಮ್ಮ ಊರಿನಲ್ಲಿ ಕಂಡು ಅಹವಾಲು ಹೇಳಿಕೊಳ್ಳುವ ಅವಕಾಶ ಕಳೆದುಕೊಂಡರು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಮತ್ತೆ ಮತ್ತೆ ಅಲ್ಲಿಗೆ ಹೋದರು, ಐದು ವರ್ಷದ ಅವಧಿಯನ್ನೂ ಮುಗಿಸಿದರು. ಅವರ ಕಾಲದಲ್ಲೇ, 2017ರಲ್ಲಿ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಕಾಯ್ದೆಗೆ ವಿಧಾನಮಂಡಲ ಒಪ್ಪಿಗೆ ನೀಡಿತು. ಜ್ಯೋತಿಷ್ಯ, ವಾಸ್ತುಗಳನ್ನು ಹೊರಗಿಟ್ಟ ಆ ಕಾಯ್ದೆ 2020ರ ಜನವರಿಯಲ್ಲಿ ಬೇರೆ ಪಕ್ಷದ ಸರ್ಕಾರದಲ್ಲಿ ಜಾರಿಗೆ ಬಂತು.

ವಿಚಿತ್ರ ನೋಡಿ. ಬಸವಲಿಂಗಪ್ಪ ಮಾತಾಡಿದರು, ಕೆಲಸವನ್ನೂ ಮಾಡಿದರು, ಪದವಿ ಹೋಯಿತು. ಚಾಮರಾಜನಗರಕ್ಕೆ ಹೋಗದವರು ಮಾತಾಡಲಿಲ್ಲ, ಕೆಲಸವನ್ನೇ ಬಿಟ್ಟರು. ಯಾರೂ ರಾಜೀನಾಮೆ ಕೇಳಲಿಲ್ಲ.

‘ವೈಯಕ್ತಿಕ ಅಭಿಪ್ರಾಯ’ ಎಂಬ ಕೊಡೆ

ಈಚಿನ ವರ್ಷಗಳಲ್ಲಿ ಮಾತಿನ ಮಳೆ ಜೋರಾದಾಗ ಪಕ್ಷಗಳು ಬಿಚ್ಚುವ ಕೊಡೆಯೆಂದರೆ ‘ಅದು ಅವರ ವೈಯಕ್ತಿಕ ಅಭಿಪ್ರಾಯ’ ಎಂಬುದು. 2017ರ ಡಿಸೆಂಬರ್ ಕೊನೆಯ ವಾರದಲ್ಲಿ ಕೇಂದ್ರದ ರಾಜ್ಯ ಸಚಿವರಾಗಿದ್ದ ಉತ್ತರ ಕನ್ನಡದ ಸಂಸದ ಅನಂತಕುಮಾರ ಹೆಗಡೆ ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ, ಜಾತ್ಯತೀತರೆಂದು ಹೇಳಿಕೊಳ್ಳುವವರಿಗೆ ತಮ್ಮ ಹುಟ್ಟಿನ ಗುರುತೇ ಇಲ್ಲ ಎಂಬರ್ಥದ ಮಾತಾಡಿ, ಸಂವಿಧಾನ ಬದಲಿಸಲೆಂದೇ ತಾವು ಬಂದಿರುವುದು ಎಂದರು. ಸಂಸತ್ತು ಸ್ಥಗಿತಗೊಂಡಿತು. ಸಚಿವರ ಮಾತನ್ನು ಸರ್ಕಾರ ಒಪ್ಪುವುದಿಲ್ಲ ಎಂದು ರಾಜ್ಯಸಭೆಯಲ್ಲಿ ಹೇಳಿಸಬೇಕಾಯಿತು. ಡಿಸೆಂಬರ್ 28ರಂದು ಹೆಗಡೆ ಲೋಕಸಭೆಯಲ್ಲಿ ಕ್ಷಮೆ ಯಾಚಿಸಿದರು.

2022ರ ನವೆಂಬರ್ 6ರಂದು ಎದುರು ಪಾಳೆಯದ ಸರದಿ. ಡಿಸೆಂಬರ್ 6ರ ಅಂಬೇಡ್ಕರ್ ಪರಿನಿರ್ವಾಣ ದಿನದಂದು ಬೆಳಗಾವಿಯ ಸ್ಮಶಾನದಲ್ಲಿ ರಾತ್ರಿ ಕಳೆದು ಮೂಢನಂಬಿಕೆಗೆ ಸವಾಲು ಹಾಕಿ ಹೆಸರಾದ ಸತೀಶ ಜಾರಕಿಹೊಳಿ ಆಗ ಶಾಸಕರು, ಕೆಪಿಸಿಸಿ ಕಾರ್ಯಾಧ್ಯಕ್ಷರು. ನಿಪ್ಪಾಣಿಯ ಸಭೆಯಲ್ಲಿ ಅವರು, ‘ಹಿಂದೂ’ ಪದ ಪರ್ಷಿಯನ್ ಮೂಲದ್ದು, ಅದರ ಅರ್ಥ ತೀರ ಕೀಳು ಎಂದರು. ಪದ ಬಂದ ದಾರಿಯ ಬಗ್ಗೆ ವಿದ್ವಾಂಸರಲ್ಲಿ ತಕರಾರಿಲ್ಲ. ಸಿಂಧೂ ಎಂಬುದು ಪರ್ಷಿಯನ್ನರ ನಾಲಗೆಯಲ್ಲಿ ಹಿಂದೂ ಆಯಿತು ಎಂಬುದು ಶಾಲೆಯ ಪಾಠ. ಅರ್ಥದ ಬಗ್ಗೆ ಆಡಿದ್ದೇ ಕಿಡಿಗೆ ಕಾರಣ. ಅವರ ಪಕ್ಷದ ವರಿಷ್ಠರೇ ಖಂಡಿಸಿದರು. ಮೂರು ದಿನಕ್ಕೆ ಮುಖ್ಯಮಂತ್ರಿಗೆ ಪತ್ರ ಬರೆದು ಜಾರಕಿಹೊಳಿ ಹೇಳಿಕೆ ಹಿಂತೆಗೆದುಕೊಂಡರು, ಜೊತೆಗೆ ವಿಷಯದ ತನಿಖೆಗೆ ಸಮಿತಿ ನೇಮಿಸಿ ಎಂದೂ ಕೋರಿದರು.

ಎರಡೂ ಪ್ರಕರಣಗಳಲ್ಲಿ ಪಕ್ಷಗಳು ಕೇಳಿದ್ದು ಮಾತು ಸರಿಯೋ ತಪ್ಪೋ ಎಂದಲ್ಲ. ಅದರಿಂದ ಎಷ್ಟು ವೋಟು ಹೋದೀತು ಎಂದು. ಹೀಗಾಗಿ ಒಬ್ಬರ ತಪ್ಪು ಇನ್ನೊಬ್ಬರ ಪಾಲಿಗೆ ಧೈರ್ಯ. ಒಬ್ಬರ ಸತ್ಯ ಇನ್ನೊಬ್ಬರ ಪಾಲಿಗೆ ದ್ರೋಹ. ಮಾತಿಗೆ ಬೆಲೆ ಕಟ್ಟುವ ಒಂದು ಸಮಾನ ಅಳತೆಯೇ ಬೆಳೆಯಲಿಲ್ಲ.

ನ್ಯಾಯಾಲಯ ಎಳೆದ ಗೆರೆ

ಹಾಗಾದರೆ ಕಾನೂನು ಏನೆನ್ನುತ್ತದೆ? ಸದನದೊಳಗೆ ಶಾಸಕ ಆಡಿದ ಮಾತಿಗೆ 194ನೆಯ ವಿಧಿಯ ರಕ್ಷೆಯಿದೆ. ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. ಸದನದ ಹೊರಗೆ ಆತನೂ ಎಲ್ಲರಂತೆ ಒಬ್ಬ ಪ್ರಜೆ. 19ನೆಯ ವಿಧಿಯ ವಾಕ್ ಸ್ವಾತಂತ್ರ್ಯವೂ ಉಂಟು, ಅದೇ ವಿಧಿಯ ಎರಡನೆಯ ಉಪವಿಧಿಯ ಮಿತಿಗಳೂ ಉಂಟು. ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸುವುದು, ಕೋಮುಗಳ ನಡುವೆ ದ್ವೇಷ ಬಿತ್ತುವುದು ಹಿಂದೆ ದಂಡಸಂಹಿತೆಯಲ್ಲಿ, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಇನ್ನು ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರ. ಅದು ಅಭ್ಯರ್ಥಿಯ ಧರ್ಮಕ್ಕಷ್ಟೇ ಅಲ್ಲ, ಮತದಾರನ ಧರ್ಮಕ್ಕೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು–ಮೂರರ ಬಹುಮತದಿಂದ ಹೇಳಿತು.

ಸರ್ಕಾರ ಮತ್ತು ಧರ್ಮದ ಸಂಬಂಧದ ಬಗ್ಗೆ ದೇಶದ ಅತಿ ಮುಖ್ಯ ತೀರ್ಪೊಂದು ಹೊತ್ತಿರುವುದು ಕನ್ನಡಿಗರ ಹೆಸರನ್ನೇ. 1989ರ ಏಪ್ರಿಲ್ 21ರಂದು ವಜಾಗೊಂಡ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಹೂಡಿದ ಮೊಕದ್ದಮೆ, 1992ರ ಡಿಸೆಂಬರಿನ ಅಯೋಧ್ಯಾ ಘಟನೆಯ ನಂತರ ವಜಾಗೊಂಡ ಮೂರು ರಾಜ್ಯ ಸರ್ಕಾರಗಳ ಪ್ರಕರಣಗಳೊಂದಿಗೆ ಸೇರಿಕೊಂಡಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂದು ಸಾರಿತು. ಪ್ರಜೆಗೆ ಧರ್ಮ ಉಂಟು, ಪ್ರಭುತ್ವಕ್ಕೆ ಇಲ್ಲ. ಎಂ.ಎನ್. ರಾಯ್ ಅವರ ಮಾನವತಾವಾದದಲ್ಲಿ ಪಳಗಿದ್ದ ಬೊಮ್ಮಾಯಿಯವರ ಹೆಸರಿಗೆ ಇದು ಒಪ್ಪುವ ಕೀರ್ತಿ.

ಆದರೆ ಮಂತ್ರಿ ಪ್ರಜೆಯೋ ಪ್ರಭುತ್ವವೋ? ಆತ ಎರಡೂ ಹೌದು. ಈ ಗಂಟನ್ನು ಬಿಡಿಸಹೊರಟದ್ದು 2023ರ ಜನವರಿ 3ರ ಕೌಶಲ್ ಕಿಶೋರ್ ಪ್ರಕರಣದ ತೀರ್ಪು. ಉತ್ತರಪ್ರದೇಶದ ಮಂತ್ರಿಯೊಬ್ಬರು ಅತ್ಯಾಚಾರ ಸಂತ್ರಸ್ತರ ಬಗ್ಗೆ ಆಡಿದ ಮಾತಿನಿಂದ ಹುಟ್ಟಿದ ಮೊಕದ್ದಮೆ ಅದು. ಪೀಠದ ಐವರಲ್ಲಿ ಎಸ್. ಅಬ್ದುಲ್ ನಜೀರ್, ಎ.ಎಸ್. ಬೋಪಣ್ಣ, ಬಿ.ವಿ. ನಾಗರತ್ನ ಮೂವರೂ ಕರ್ನಾಟಕ ಹೈಕೋರ್ಟಿನಿಂದ ಹೋದವರು. ಸಂವಿಧಾನದಲ್ಲಿರುವ ಮಿತಿಗಳೇ ಸಾಕು, ಮಂತ್ರಿಗಳ ಬಾಯಿಗೆ ಹೊಸ ಬೀಗ ಬೇಡ ಎಂಬಲ್ಲಿ ಎಲ್ಲರೂ ಒಂದೇ. ಮಂತ್ರಿಯ ಹೇಳಿಕೆಯನ್ನು ಸಾಮೂಹಿಕ ಹೊಣೆಗಾರಿಕೆಯ ಹೆಸರಿನಲ್ಲಿ ಸರ್ಕಾರದ ತಲೆಗೆ ಕಟ್ಟಲಾಗದು ಎಂದು ನಾಲ್ವರು ಹೇಳಿದರು. ಬರಿಯ ಹೇಳಿಕೆಯಿಂದ ಪ್ರಜೆಯ ಹಕ್ಕಿಗೆ ಭಂಗ ಬಾರದು. ಅದರ ಫಲವಾಗಿ ಅಧಿಕಾರಿಗಳು ಏನಾದರೂ ಮಾಡಿ ಅಥವಾ ಮಾಡದೆ ಬಿಟ್ಟು ಪ್ರಜೆಗೆ ಹಾನಿಯಾದರೆ ಆಗ ಕೇಳಬಹುದು ಎಂದರು. ನಾಗರತ್ನ ಅವರು ಇಲ್ಲಿ ಬೇರೆ ದಾರಿ ಹಿಡಿದರು. ಮಂತ್ರಿ ತನ್ನ ಅಧಿಕಾರದ ಸ್ಥಾನದಿಂದ, ಸರ್ಕಾರದ ನಿಲುವಿಗೆ ಹೊಂದುವಂತೆ ಆಡಿದ ಮಾತು ಸರ್ಕಾರದ್ದೇ. ಹೊಂದದಿದ್ದರೆ ಮಾತ್ರ ವೈಯಕ್ತಿಕ ಎಂಬುದು ಅವರ ಭಿನ್ನಮತ. ಪಕ್ಷಗಳು ತಮ್ಮವರಿಗೊಂದು ನಡಾವಳಿ ಸಂಹಿತೆ ಮಾಡಿಕೊಳ್ಳಲಿ ಎಂದೂ ಅವರು ಸೂಚಿಸಿದರು.

ಎರಡೂ ಅಭಿಪ್ರಾಯಗಳನ್ನು ಒಟ್ಟಿಗಿಟ್ಟು ನೋಡಿದರೆ ಸಾಮಾನ್ಯ ಪ್ರಜೆಗೂ ಬಳಸಬಹುದಾದ ಅಳತೆಯೊಂದು ಸಿಗುತ್ತದೆ. ಮಂತ್ರಿ ಏನು ನಂಬುತ್ತಾನೆ ಎಂಬುದಕ್ಕಿಂತ, ಆ ನಂಬಿಕೆ ಕಡತದ ಮೇಲೆ ಸಹಿ ಹಾಕುತ್ತಿದೆಯೇ ಎಂದು ಕೇಳಬೇಕು.

ಈ ಅಳತೆ ಎಲ್ಲಿಗಿಂತ ಹೆಚ್ಚಾಗಿ ಬೇಕಾಗಿರುವುದು ಬೆಂಗಳೂರಿನ ಹೊರಅಂಚುಗಳಿಗೆ. ಪೀಣ್ಯದ ಶೆಡ್ಡುಗಳಲ್ಲಿ ಆಯುಧಪೂಜೆಯ ದಿನ ಲೇತ್ ಯಂತ್ರಕ್ಕೆ ಕುಂಬಳಕಾಯಿ ಒಡೆಯುವ ಕೈಗಳಲ್ಲಿ ಬೇರೆ ಬೇರೆ ಧರ್ಮದವರ ಕೈಗಳಿವೆ. ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಆನೇಕಲ್, ವೈಟ್‌ಫೀಲ್ಡನ್ನು ಒಳಗೊಂಡ ಮಹದೇವಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ದೇಶದ ನಾನಾ ಮೂಲೆಗಳಿಂದ ಕೆಲಸಕ್ಕೆ ಬಂದವರು ಅಲ್ಲಿ ನೆಲೆಸಿದ್ದಾರೆ. ಬಸವಲಿಂಗಪ್ಪನವರ ಹಾಗೆ ಗುಡಿಯ ಹೊರಗಿನ ಅನುಭವವನ್ನು ಹೇಳಬಲ್ಲ ಪ್ರತಿನಿಧಿ ಅಲ್ಲಿಂದ ಮುಂದೆಯೂ ಬರಬಹುದು. ಆತ ಬಾಯಿಬಿಡಲು ಹೆದರಿದರೆ ನಷ್ಟ ಆತನೊಬ್ಬನದಲ್ಲ. ಆತನ ಹಿಂದಿರುವ ಸಾವಿರಾರು ಮಂದಿಯದು. ಹಾಗೆಯೇ, ಭಕ್ತನಾದ ಶಾಸಕ ತನ್ನ ಭಕ್ತಿಯನ್ನು ಮುಚ್ಚಿಟ್ಟುಕೊಳ್ಳಬೇಕಾಗಿಯೂ ಇಲ್ಲ.

ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತವರು ಶಾಸಕನ ಮನೆದೇವರು ಯಾರೆಂದು ಕೇಳುವುದಿಲ್ಲ. ನೀರು ಯಾವ ಬೀದಿಗೆ ಮೊದಲು ಬಂತು, ಯಾವ ಬೀದಿಗೆ ಬರಲೇ ಇಲ್ಲ ಎಂದು ನೋಡುತ್ತಾರೆ. ಶಾಸಕನ ನಂಬಿಕೆಯ ಬಗ್ಗೆ ಅವರು ಸಿಟ್ಟಾಗಬೇಕಾದದ್ದು ಈ ಎರಡನೆಯ ಬೀದಿಯಲ್ಲಿ ನಿಂತಾಗ.